ತಲೆಯ ಮೇಲೆ ಗುರು, ಕಾಲಡಿಯಲ್ಲಿ ಬಾಣಿ

ಗುರು ಗ್ರಂಥ ಸಾಹಿಬ್‌ನ ಎದುರು ನಾವು ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತೇವೆ. ಚೌರಿ ಬೀಸುತ್ತೇವೆ, ರುಮಾಲಾ ಹೊದಿಸುತ್ತೇವೆ, ರಾತ್ರಿ ಸುಖಾಸನಕ್ಕೆ, ಅಂದರೆ ವಿಶ್ರಾಂತಿಗೆ, ತಲೆಯ ಮೇಲೆ ಹೊತ್ತು ಒಯ್ಯುತ್ತೇವೆ. ಅದೇ ಗ್ರಂಥದ ಬಾಣಿಯ, ಅಂದರೆ ಗುರುವಾಣಿಯ, ಸಾಲನ್ನು ಮಗಳ ಮದುವೆಯ ಕರೆಯೋಲೆಗೆ ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚುತ್ತೇವೆ. ಮದುವೆ ಮುಗಿದ ವಾರಕ್ಕೆ ಆ ಓಲೆ ಎಲ್ಲಿ ಬಿದ್ದಿರುತ್ತದೆಂದು ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು. ಗುರುಪರ್ವದ ಜಾಹೀರಾತು ಮರುದಿನ ರದ್ದಿಯಾಗುವುದನ್ನೂ ಬಲ್ಲೆವು. ಆದರೂ ಬೀದರಿನಿಂದ ಅಮೃತಸರದವರೆಗೆ ಈ ಅಚ್ಚು ನಿಂತಿಲ್ಲ. ನಿಲ್ಲಿಸಿದರೆ ನಮ್ಮ ಭಕ್ತಿ ನಾಲ್ಕು ಜನರಿಗೆ ಕಾಣುವುದಿಲ್ಲವಲ್ಲ!

1604ರಲ್ಲಿ ಹರಿಮಂದಿರದಲ್ಲಿ ಪ್ರತಿಷ್ಠಾಪನೆಯಾದ ಆದಿ ಗ್ರಂಥವನ್ನು ಗುರು ಅರ್ಜನರು ಹೇಳಿ ಬರೆಸಿದರು, ಭಾಯಿ ಗುರುದಾಸರು ಬರೆದರು. ಆಮೇಲೂ ತಲೆಮಾರುಗಟ್ಟಲೆ ಒಂದೊಂದು ಪ್ರತಿಯೂ ಕೈಬರಹದ್ದೇ. ಹಾಗೆ ಬರೆದವರು ಒಂದು ಹಾಳೆಯನ್ನೂ ಬೀದಿಗೆಸೆಯುತ್ತಿರಲಿಲ್ಲ. ಇಂದು 1430 ಅಂಗಗಳ (ಪುಟಗಳ) ಸರೂಪದ, ಅಂದರೆ ಗ್ರಂಥದ ಪೂರ್ಣ ಪ್ರತಿಯ, ಅಚ್ಚಿಗೆ ಪಂಜಾಬಿನಲ್ಲಿ 2008ರ ಕಾನೂನಿದೆ, ಆ ಹಕ್ಕು ಶಿರೋಮಣಿ ಗುರುದ್ವಾರಾ ಪ್ರಬಂಧಕ್ ಕಮಿಟಿಯದ್ದು ಮಾತ್ರ. ಆದರೆ ನಮ್ಮ ಕ್ಯಾಲೆಂಡರಿಗೆ, ಕರಪತ್ರಕ್ಕೆ ಲಗಾಮು ಹಾಕಬೇಕಾದದ್ದು ನಮ್ಮ ಆತ್ಮಸಾಕ್ಷಿ. ಅದು ಮಲಗಿದೆ.

ಜೀರ್ಣವಾದ ಸರೂಪಕ್ಕೆ ದಾರಿಯಿಲ್ಲವೇ? ಇದೆ. ಬಿಯಾಸ್ ನದಿಯ ದಡದ ಗೋಇಂದ್ವಾಲದಲ್ಲಿ ಅರ್ದಾಸ್ (ಪ್ರಾರ್ಥನೆ) ಸಲ್ಲಿಸಿ ಅಗ್ನಿಗೆ ಅರ್ಪಿಸುತ್ತಾರೆ, ಬೂದಿಯನ್ನು ಹರಿಯುವ ನೀರಿಗೆ ಬಿಡುತ್ತಾರೆ. ಒಬ್ಬ ಹಿರಿಯರಿಗೆ ಸಲ್ಲುವ ಅಂತ್ಯಸಂಸ್ಕಾರವದು. ನಾವು ಮಾಡುವುದೇನು? ಹರಿದ ಗುಟ್ಕಾಗಳನ್ನು, ಅಂದರೆ ಬಾಣಿಯ ಕಿರುಹೊತ್ತಿಗೆಗಳನ್ನು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಯಾರೂ ಇಲ್ಲದ ಹೊತ್ತು ನೋಡಿ, ಗುರುದ್ವಾರದ ಮೂಲೆಯಲ್ಲಿಟ್ಟು ಬರುತ್ತೇವೆ. ಸೇವಾದಾರರ ಕೈಗೆ ಒಪ್ಪಿಸುವ ಎರಡು ನಿಮಿಷವೂ ನಮಗೆ ಭಾರ.

ಇದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿದೆ, ಅದು ಶ್ರದ್ಧೆಯ ವೇಷದಲ್ಲಿ ನಡೆಯುತ್ತದೆ. ಅಜ್ಜನ ಕಾಲದ ಕೈಬರಹದ ಪೋಥಿಯಲ್ಲಿ ಪದಗಳೆಲ್ಲ ಬಿಡುವಿಲ್ಲದೆ ಕೂಡಿಕೊಂಡಿವೆ, ಓದಲು ಬರುವುದಿಲ್ಲ. ಬಿಡಿಸಿ ಓದುವುದನ್ನು ಕಲಿಯುವ ಬದಲು 'ಹಳೆಯದಾಯಿತು' ಎಂದು ಚಿತೆಗೆ ಕಳಿಸಿಬಿಡುತ್ತೇವೆ. ಬರೆದವರಾರು, ಯಾವ ಕಾಲದ್ದು, ಪಾಠದಲ್ಲಿ ಏನು ಭೇದ ಎಂದು ಯಾರೂ ತೆರೆದು ನೋಡುವುದಿಲ್ಲ. 1984ರ ಜೂನ್‌ನ ಸೇನಾ ಕಾರ್ಯಾಚರಣೆಯಲ್ಲಿ ಹರಿಮಂದಿರದ ಆವರಣದ ಸಿಖ್ ರೆಫರೆನ್ಸ್ ಲೈಬ್ರರಿ ಕೈತಪ್ಪಿತೆಂದು ಇಂದಿಗೂ ಕುದಿಯುತ್ತೇವೆ, ಕುದಿಯಲೇಬೇಕು. ಆದರೆ ನಮ್ಮದೇ ಕೈಯಿಂದ ಬೆಂಕಿಗೆ ಹೋದ ಕೈಬರಹಗಳ ಲೆಕ್ಕ ಕೇಳುವವರಾರು? ಪಂಜಾಬ್ ಡಿಜಿಟಲ್ ಲೈಬ್ರರಿಯವರು 2003ರಿಂದ ಇಂಥ ಹಾಳೆಗಳನ್ನೇ ಚಿತ್ರ ತೆಗೆದು ಉಳಿಸುತ್ತಿದ್ದಾರೆ. ಪೋಥಿಯನ್ನು ಬಲ್ಲವರಿಗೆ ತೋರಿಸಿ, ಚಿತ್ರ ತೆಗೆಸಿ, ಉಳಿಯುವಂಥದ್ದಾದರೆ ಉಳಿಸಿ, ಆಗದಿದ್ದರೆ ಮಾತ್ರ ಗೋಇಂದ್ವಾಲಕ್ಕೆ ಕಳಿಸಬಹುದು. ಮನೆಯಲ್ಲಿ ಜಾಗವಿಲ್ಲ ಎಂಬುದಷ್ಟೇ ನಮ್ಮ ಕಾರಣವಾಗಿದ್ದರೆ ಅದನ್ನು ಸೇವೆ ಎಂದು ಕರೆಯುವ ಹಕ್ಕು ನಮಗಿಲ್ಲ.