ನೀಲಿ ಪರದೆ ಬಂದರೆ ಮೊದಲು ಪೆನ್ನು ಹಿಡಿಯಿರಿ

ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತಿರುವಾಗ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ನೀಲಿಯಾಗುತ್ತದೆ. ನಾಲ್ಕಾರು ಸಾಲು ಇಂಗ್ಲಿಷ್ ಮೂಡುತ್ತದೆ. ಯಂತ್ರ ತಾನಾಗಿಯೇ ಆರಿ ಮತ್ತೆ ಶುರುವಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಗಾದರೆ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ‘ಆಟ ಆಡಿ ಆಡಿ ಕೆಡಿಸ್ಯಾನ’ ಎಂಬುದು ಒಂದು. ‘ಇನ್ನ ಹೊಸದೇ ತರಬೇಕು’ ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳೇ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪಾಲಕರಿಗೆ ಈ ಅವಸರ ದುಬಾರಿ. ದೊಡ್ಡ ರಿಪೇರಿ ಎಂದರೆ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಕಲಬುರಗಿಗೆ ಹೋಗಬೇಕು. ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸಗಳಿವೆ.

ನೀಲಿ ಪರದೆಯೇ ರೋಗವಲ್ಲ. ಮುಂದುವರಿದರೆ ಮಾಹಿತಿ ಹಾಳಾದೀತು ಎನಿಸಿದಾಗ ವಿಂಡೋಸ್ ತಾನೇ ಕೆಲಸ ನಿಲ್ಲಿಸಿ ಹಾಕುವ ಎಚ್ಚರಿಕೆ ಅದು. 2025ರಿಂದ ವಿಂಡೋಸ್ 11ರಲ್ಲಿ ಇದೇ ಪರದೆ ಕಪ್ಪು ಬಣ್ಣದಲ್ಲಿ ಬರುತ್ತಿದೆ. 2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಹೀಗೆ ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಕಾರಣ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಪೂರಿತ ಫೈಲ್. ಅದನ್ನು ಅಳಿಸಿದ ಮೇಲೆ ಯಂತ್ರಗಳು ಎದ್ದವು. ಅದಕ್ಕೆ ಹೊಸ ಕಂಪ್ಯೂಟರ್ ಬೇಕಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಯಂತ್ರ ಓಡುತ್ತಿರುವಾಗಲೇ ಮುಖ್ಯ ಫೈಲ್‌ಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎನ್ನುವವರು ಸಿಗುತ್ತಾರೆ. ವರ್ಷದ ನೋಟ್ಸ್ ಹೋಗುವುದು ಆಗಲೇ.

ಬಳಿಕ ಒಂದು ನೋಟ್‌ಬುಕ್ ಇಡಿ. ಪರದೆಯ ಕೆಳಗಿರುವ ‘ಸ್ಟಾಪ್ ಕೋಡ್’, ದಿನ, ಹೊತ್ತು, ಆಗ ಮಾಡುತ್ತಿದ್ದ ಕೆಲಸ ಬರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆದರೂ ಆದೀತು. ಪರದೆ ಬೇಗ ಮಾಯವಾದರೆ, ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಎಂದು ಹುಡುಕಿ; ಕೆಟ್ಟು ನಿಂತ ದಿನಗಳಿಗೆ ಅಲ್ಲಿ ಕೆಂಪು ಗುರುತಿರುತ್ತದೆ. ಸಾಮಾನ್ಯವಾಗಿ ಪ್ರತಿ ಸಲ ಒಂದೇ ಕೋಡ್ ಬಂದರೆ ಒಂದೇ ಬಿಡಿಭಾಗ ಅಥವಾ ಅದರ ಡ್ರೈವರ್ ಕಡೆ ನೋಡಬೇಕು. ಸಲಕ್ಕೊಂದು ಕೋಡ್ ಬಂದರೆ ರ‍್ಯಾಮ್ ಅಥವಾ ವಿದ್ಯುತ್ ಪೂರೈಕೆಯ ಮೇಲೆ ಅನುಮಾನ. ನೀಲಿ ಪರದೆಯೇ ಇಲ್ಲದೆ ದೀಪ ಆರಿದಂತೆ ಆರಿದರೆ ಬಿಸಿ ಅಥವಾ ಎಸ್‌ಎಂಪಿಎಸ್ ಕಾರಣವಿರಬಹುದು.

ಹೊಸ ಪ್ರಿಂಟರ್ ಜೋಡಿಸಿದ ಮೇಲೋ, ಹೊಸ ಡ್ರೈವರ್ ಹಾಕಿದ ಮೇಲೋ ಶುರುವಾಯಿತೇ? ಸೇಫ್ ಮೋಡ್‌ನಲ್ಲಿ ತೆರೆದು ಅದನ್ನು ತೆಗೆದು ನೋಡಿ. ಹಾಗಲ್ಲವಾದರೆ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಓಡಿಸಿ. ರ‍್ಯಾಮ್ ಪರೀಕ್ಷೆಯ ಈ ಸಾಧನ ವಿಂಡೋಸ್‌ನಲ್ಲೇ ಇದೆ, ಖರ್ಚಿಲ್ಲ.

ನಮ್ಮ ಭಾಗದಲ್ಲಿ ಧೂಳು, ಬಿಸಿಲು ಎರಡನ್ನೂ ಮರೆಯುವಂತಿಲ್ಲ. ತೊಗರಿ ರಾಶಿಯ ದಿನಗಳ ಹೊಟ್ಟು ಕ್ಯಾಬಿನೆಟ್ಟಿನ ಫ್ಯಾನಿನಲ್ಲಿ ಕೂತರೆ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೆಕೆಗೆ ಗಾಳಿ ಆಡುವುದಾದರೂ ಹೇಗೆ? ಸ್ವಿಚ್ ಆರಿಸಿ, ವೈರ್ ಕಿತ್ತು, ಪಕ್ಕದ ಮುಚ್ಚಳ ತೆಗೆದು ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದ ನಂತರವೇ ರ‍್ಯಾಮ್ ಪಟ್ಟಿಯನ್ನು ತೆಗೆದು ಗಟ್ಟಿಯಾಗಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು. ವೈರ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

ಇಲ್ಲಿ ಒಂದೇ ಕಟ್ಟುನಿಟ್ಟು: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ದಿನ ಕಾಯಿರಿ, ಫಲಿತಾಂಶ ಬರೆಯಿರಿ, ಆಮೇಲೆ ಮುಂದಿನದು. ನಾಲ್ಕು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯದು. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಮಕ್ಕಳು ಕಲಿಯುವುದೂ ಇದನ್ನೇ.

ಪಾಲಕರಿಗೆ ಒಂದು ಮಾತು. ಆಟ ಆಡಿದ್ದರಿಂದಲೇ ಒಳ್ಳೆಯ ಯಂತ್ರ ಕೆಡುವುದು ಅಪರೂಪ. ಆಟದ ಹೊತ್ತಿನಲ್ಲಿ ಯಂತ್ರಕ್ಕೆ ಕೆಲಸ ಹೆಚ್ಚು, ಬಿಸಿಯೂ ಹೆಚ್ಚು. ಮೊದಲೇ ಇದ್ದ ದೋಷ ಆಗ ಹೊರಬೀಳುತ್ತದೆ. ಬೈಗುಳಕ್ಕೆ ಹೆದರಿದ ಮಗು ನೀಲಿ ಪರದೆಯ ಸುದ್ದಿಯನ್ನೇ ಮುಚ್ಚಿಡುತ್ತದೆ, ದೋಷ ಬೆಳೆಯುತ್ತದೆ. ನೋಟ್‌ಬುಕ್ಕನ್ನು ಮಗುವಿನ ಕೈಗೇ ಕೊಡಿ. ಕೊನೆಗೆ ಅಂಗಡಿಗೆ ಹೋಗಲೇಬೇಕಾದರೆ ಅದೂ ಜೊತೆಗಿರಲಿ. ಹತ್ತು ದಿನದ ಲೆಕ್ಕ ಮುಂದಿಟ್ಟವರಿಗೆ ಬೇಡದ ಬಿಡಿಭಾಗ ಮಾರುವುದು ಸುಲಭವಲ್ಲ.