ದಾರದ ಡಬ್ಬಿಗೂ ಸಾಫ್ಟ್‌ವೇರ್ ಬೇಕು ಸ್ವಾಮಿ!

"ಹೊಲಿಗೆ ದಾರ ಎಣಿಸೋಕೂ ಸಾಫ್ಟ್‌ವೇರಾ? ನಿಂಗೆ ಬೇರೆ ಕೆಲಸ ಇಲ್ವಾ ಮಗಾ?" ಎಂದು ನಗುವವರಿಗಾಗಿಯೇ ಈ ಬರಹ. ನಗುವವರು ಹೊರಗಿನವರಲ್ಲ, ನಮ್ಮದೇ ಐಟಿ ಬಳಗ. ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸಲಿಕ್ಕೂ ಟಿಕೆಟ್ ತೆರೆದು, ನಂಬರ್ ಕೊಟ್ಟು, ಎಷ್ಟು ತಾಸು ಹಿಡೀತು ಅಂತ ಬರೆದಿಡೋ ನಾವು, ದಾರ-ಮಣಿ ಲೆಕ್ಕ ಬರೆದಿಡಬೇಕು ಅಂದ್ರೆ ನಗ್ತೀವಿ!

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಹೋಗಿ ನೋಡಿ. ಮದುವೆ ಸೀಜನ್ ಬಂತೆಂದರೆ ಜಂಪರಿಗೆ ಆರಿ ವರ್ಕ್ ಬೇಕೇ ಬೇಕು. ಮನೆಯ ಪಡಸಾಲೆಯಲ್ಲೇ ಚೌಕಟ್ಟು ಕಟ್ಟಿ ಕೂತ ಹೆಣ್ಣುಮಕ್ಕಳ ಸುತ್ತ ಜರಿ, ರೇಷ್ಮೆ ದಾರ, ಮಣಿ, ಟಿಕಳಿ, ಕುಂದನ್, ಜರ್ದೋಸಿ ಹರಡಿರುತ್ತೆ. ಇದು ಹವ್ಯಾಸವಲ್ಲ, ದುಡಿಮೆ. ದುಡಿಮೆ ಅಂದಮೇಲೆ ಕಚ್ಚಾಮಾಲು, ಕಚ್ಚಾಮಾಲು ಅಂದಮೇಲೆ ಲೆಕ್ಕ.

ತೋರಿಸಲಿಕ್ಕೆಂದು ಒಂದು ಲೆಕ್ಕ ಹಿಡಿಯೋಣ. ಒಂದು ಜಂಪರಿಗೆ 1500 ರೂಪಾಯಿ. ದಿನಕ್ಕೆ 6 ತಾಸಿನಂತೆ 5 ದಿನ ಅಂದರೆ 30 ತಾಸು. ತಾಸಿಗೆ 50 ರೂಪಾಯಿ ಬಿತ್ತು ಅನ್ನಿಸುತ್ತೆ. ಆದರೆ ಸಾಮಾನಿಗೆ 450 ಹೋಗಿದ್ದರೆ ಉಳಿದದ್ದು 1050, ಅಂದರೆ ತಾಸಿಗೆ 35. ಮಣಿ, ಜರಿ ತುಟ್ಟಿಯಾಗಿ ಸಾಮಾನಿನ ಖರ್ಚು 600ಕ್ಕೆ ಏರಿದರೆ ತಾಸಿಗೆ 30. ಜಂಪರಿನ ದರ ಮಾತ್ರ ಅದೇ 1500! ಕೂಲಿ ಕಡಿಮೆ ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಿರಾಕಿ "ಸ್ವಲ್ಪ ಕಡಿಮಿ ಮಾಡ್ರಿ" ಅಂದಾಗ ಎಷ್ಟಕ್ಕೆ ಇಳಿದರೆ ಮೈಮೇಲೆ ಬರುತ್ತೆ ಅಂತ ಹೇಳಲು ಕೈಯಲ್ಲಿ ಆಧಾರ ಇರುವುದಿಲ್ಲ.

ಹಾಗಂತ ಈ ಹೆಣ್ಣುಮಕ್ಕಳಿಗೆ ಲೆಕ್ಕ ಬರಲ್ಲ ಅಂದ್ಕೊಂಡ್ರೆ ಅದು ದೊಡ್ಡ ತಪ್ಪು. ಕಸೂತಿಯನ್ನೇ ನೋಡಿ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ಹೊಲಿಯೋರು ನಮಗಿಂತ ಚೆನ್ನಾಗಿ ಎಣಿಸ್ತಾರೆ. ಗಂಗಾವತಿಯಲ್ಲಿರೋ ನಮ್ಮ ವೈನಿ ಹೇಳಿದ್ದಿಷ್ಟು: "ಲೆಕ್ಕ ನನಗ ಬರ್ತೈತಪಾ, ಬರದಿಡಾಕ ಕೈ ಖಾಲಿ ಇರಂಗಿಲ್ಲ. ನಿಮ್ಮಣ್ಣ ಫೋನಿನ್ಯಾಗ ಬಂದ ರೊಕ್ಕ ಅಷ್ಟ ನೋಡ್ತಾರ. ಹೋದದ್ದು ಯಾರಿಗಿ ಕಾಣಸ್ತೈತಿ?"

ಸಮಸ್ಯೆಯ ಬುಡ ಇಲ್ಲಿದೆ ನೋಡಿ. ಯುಪಿಐ ಬಂದ ಮೇಲೆ ಒಳಬಂದ ಪ್ರತಿ ರೂಪಾಯಿಗೂ ದಾಖಲೆ ಇದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಅಲ್ಲೂ ಡಿಜಿಟಲ್ ವ್ಯವಹಾರಕ್ಕೆ ಪ್ರೋತ್ಸಾಹಧನ ಇಟ್ಟಿದ್ದಾರೆ. ಬಂದ ಹಣ ಢಾಣಾಢಂಗುರ! ಆದರೆ ಡಬ್ಬಿಯಿಂದ ಹೋದ ದಾರಕ್ಕೆ ದಾಖಲೆ ಇಲ್ಲ. ಹೀಗಾಗಿ ಮನೆಯವರ ಕಣ್ಣಿಗೆ 1500 ಪೂರ್ತಿ ಗಳಿಕೆಯಾಗಿ ಕಾಣುತ್ತೆ. ಒಂದೇ ಕಡೆ ಬರೆಯೋ ಲೆಕ್ಕ, ಲೆಕ್ಕ ಇಲ್ಲದ್ದಕ್ಕಿಂತ ಅಪಾಯ.

"ಆಪ್‌ಗಳು ಇವೆಯಲ್ಲ?" ಅನ್ನಬಹುದು. ಇವೆ. ಹೆಣಿಗೆ ಮಾಡುವವರಿಗೆ ರ್‍ಯಾವೆಲ್ರಿ 2007ರಲ್ಲೇ ಬಂತು, ಅದರಲ್ಲಿ ಮನೆಯಲ್ಲಿರೋ ಉಣ್ಣೆ ನೂಲಿನ ಪಟ್ಟಿ ಇಡಬಹುದು. ಕ್ರಾಸ್ ಸ್ಟಿಚ್ ಆಪ್‌ಗಳಲ್ಲಿ ಫ್ರಾನ್ಸಿನ ಡಿಎಂಸಿ ಕಂಪನಿಯ ಸುಮಾರು 500 ಬಣ್ಣಗಳು ನಂಬರ್ ಸಮೇತ ಇರುತ್ತವೆ. 310 ಅಂದರೆ ಕಪ್ಪು. ಅದೇ ಕಪ್ಪು ಆಂಕರ್ ದಾರದಲ್ಲಿ 403. ಒಳ್ಳೆ ಕೆಲಸವೇ, ಆದರೆ ಅದು ಹವ್ಯಾಸಿಗಳ ಪ್ರಪಂಚ. ಅವರ ಪ್ರಶ್ನೆ "ಈ ಬಣ್ಣ ನನ್ನ ಹತ್ತಿರ ಇದೆಯಾ?" ನಮ್ಮವರ ಪ್ರಶ್ನೆ "ಈ ಜಂಪರಿಗೆ ಎಷ್ಟು ಹೋಯ್ತು?" ಅಲ್ಲಿ ಲಡಿ ಎಣಿಸಿದರೆ ಸಾಕು. ಇಲ್ಲಿ ಮಣಿ ಪಾಕೀಟಿನಲ್ಲಿ, ಜರ್ದೋಸಿ ಗ್ರಾಮಿನಲ್ಲಿ, ಲೇಸು ಮೀಟರಿನಲ್ಲಿ, ದಾರ ರೀಲಿನಲ್ಲಿ. ಬಣ್ಣಕ್ಕೆ ನಂಬರ್ ಯಾರಿಗೆ ಬೇಕು? ಗಿಣಿಹಸಿರು, ಬದನೆಕಾಯಿ, ದಾಳಿಂಬೆ, ರಾಣಿ ಕಲರ್ ಅಂದರೆ ಸಾಕು.

ಇನ್ನು "ಎಕ್ಸೆಲ್ ಸಾಕಲ್ಲ" ಅನ್ನೋ ಪಂಡಿತರು. ಜರಿ ಹಿಡಿದ ಕೈಯಲ್ಲಿ, ಅಂಗೈಯಗಲದ ಫೋನಿನಲ್ಲಿ, ಇಂಗ್ಲಿಷ್ ಚೌಕಗಳಲ್ಲಿ ನೀವೇ ಒಂದು ವಾರ ತುಂಬಿ ನೋಡಿ, ಆಮೇಲೆ ಮಾತಾಡೋಣ :-)

ಮೂರನೆಯವರು ಸಂಸ್ಕೃತಿ ಪ್ರೇಮಿಗಳು. "ನಮ್ಮಜ್ಜಿ ಯಾವ ಸಾಫ್ಟ್‌ವೇರ್ ಇಟ್ಟಿದ್ದಳು?" ಅಜ್ಜಿ ಹಳೇ ಸೀರೆ ಹರಿದು ಮನೆಗೆ ಕೌದಿ ಹೊಲಿದಳು ಸ್ವಾಮಿ, ಮಾರಲಿಕ್ಕಲ್ಲ. ಈಗ ಸೂಜಿಯಿಂದ ಮಣಿಯವರೆಗೆ ಎಲ್ಲಾ ಕೊಂಡು ತರಬೇಕು. 2023ರ ಜುಲೈನಲ್ಲಿ ಹೊಳೆಯಾಚೆಯ ಹಂಪಿಯಲ್ಲಿ ಜಿ20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹೆಮ್ಮೆಯೇ. ಆದರೆ ದಾಖಲೆ ಅಂದರೆ ಗಿನ್ನೆಸ್ ಒಂದೇ ಅಲ್ಲ. ಒಂದೊಂದು ತುಂಡಿಗೂ ಎಷ್ಟು ಕನ್ನಡಿ, ಎಷ್ಟು ಕವಡೆ, ಎಷ್ಟು ತಾಸು ಹೋಯ್ತು ಅನ್ನೋದೂ ದಾಖಲೆಯೇ. ಕೂಲಿ ನಿಗದಿಯಾಗೋದು ಈ ಎರಡನೆಯ ದಾಖಲೆಯಿಂದ.

ಹಾಗಾದರೆ ಎಂಥದ್ದು ಬೇಕು?

ಮಣಿ ಪಾಕೀಟಿನ ಫೋಟೋ ತೆಗೆದರೆ ಅದೇ ಅದರ ಗುರುತಾಗಬೇಕು. ಹೆಸರು ಅವರಿಟ್ಟದ್ದೇ, ಅಳತೆ ಅವರದ್ದೇ. ಉಳಿದದ್ದನ್ನು ತೂಗಲು ಹೇಳಬಾರದು. ಮುಕ್ಕಾಲು, ಅರ್ಧ, ಕಾಲು ಅಂತ ಒತ್ತಿದರೆ ಸಾಕು. ಒಂದು ಆರ್ಡರ್ ಮುಗಿದಾಗ ಮೊದಲಿಗೂ ಈಗಿಗೂ ಇರೋ ವ್ಯತ್ಯಾಸ ಕಳೆದು "ಸಾಮಾನು ಇಷ್ಟು, ಕೂಲಿ ಇಷ್ಟು" ಅಂತ ಎರಡೇ ಸಾಲು ತೋರಿಸಬೇಕು. ನೆಟ್‌ವರ್ಕ್ ಇಲ್ಲದಾಗಲೂ ಓಡಬೇಕು. ಮುಖ್ಯವಾಗಿ ಮಾಹಿತಿ ಅವರ ಫೋನಿನಲ್ಲೇ ಇರಬೇಕು, ಬೇಕೆಂದಾಗ ಸಾದಾ ಫೈಲಾಗಿ ಹೊರತೆಗೆಯಲು ಬರಬೇಕು. ಯಾವ ಬಣ್ಣ ಓಡ್ತಿದೆ, ಯಾರ ಕೂಲಿ ಎಷ್ಟು ಅನ್ನೋದು ವ್ಯಾಪಾರದ ಗುಟ್ಟು. ಅದು ದಲ್ಲಾಳಿಯ ಕೈಗೆ ಹೋದರೆ ನಾವು ಕಟ್ಟಿದ ಸಾಫ್ಟ್‌ವೇರೇ ಅವರ ಕೊರಳಿಗೆ ಉರುಳು.

ಇದರಲ್ಲಿ ರಾಕೆಟ್ ವಿಜ್ಞಾನ ಏನಿದೆ ಹೇಳಿ? ನಾಲ್ಕು ಟೇಬಲ್, ಆರು ಪರದೆ. ಕನ್ನಡ ಯುನಿಕೋಡ್ ಸೇರಿದ್ದು 1991ರಲ್ಲಿ. ಆಮೇಲೆ ನಾವು ನುಡಿ ಮೇಲೋ ಬರಹ ಮೇಲೋ ಅಂತ ವರ್ಷಗಟ್ಟಲೆ ಜಗಳವಾಡಿದೆವು, ಕವನ ಬರೆದೆವು, ರಾಜ್ಯೋತ್ಸವಕ್ಕೆ ಬಣ್ಣದ ಬ್ಯಾನರ್ ಹಾಕಿದೆವು. ಎಲ್ಲಾ ಸರಿ. ಆದರೆ ಒಂದು ಭಾಷೆ ಬದುಕೋದು ಪದ್ಯದಲ್ಲಿ ಮಾತ್ರವಲ್ಲ, ಜಮಾ-ಖರ್ಚಿನಲ್ಲೂ. ಕನ್ನಡದಲ್ಲಿ ಕೂಲಿ ಕೇಳಲು ಆಧಾರ ಸಿಕ್ಕರೆ, ಅದಕ್ಕಿಂತ ದೊಡ್ಡ ಕನ್ನಡ ಸೇವೆ ನನಗಂತೂ ಕಾಣುತ್ತಿಲ್ಲ.

ಕೋಡ್ ಬರೆಯೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಶನಿವಾರ ಖಾಲಿ ಇರೋರು ಯಾರು ಯಾರು ಹೇಳಿ?