ಬಣ್ಣ ಮಾಸಲಿ, ಕೂದಲು ಉಳಿಯಲಿ

ತಲೆಗೆ ಡೈ ಹಾಕಿದರೆ ಕೂದಲು ಹಾಳಾಗುತ್ತದೆ ಎಂದು ಮನೆಯ ಹಿರಿಯರು ಎಚ್ಚರಿಸುತ್ತಾರೆ. ಏನೂ ಆಗುವುದಿಲ್ಲ, ಇನ್ನಷ್ಟು ಹೊಳೆಯುತ್ತದೆ ಎಂದು ಜಾಹೀರಾತು ಭರವಸೆ ಕೊಡುತ್ತದೆ. ಎರಡೂ ಅರ್ಧ ಸತ್ಯ. ಕೂದಲು ಕೆಡುವುದಕ್ಕೆ ಬಹುಪಾಲು ಕಾರಣ, ಬಣ್ಣ ಹೋಗಲೇಬಾರದು ಎಂಬ ಹಟಕ್ಕಾಗಿ ಅದರೊಂದಿಗೆ ಬೆರೆಸುವ ರಾಸಾಯನಿಕಗಳು. ಥಾಣೆಯಿಂದ ಕಲ್ಯಾಣ್‌ವರೆಗೆ, ವಾಶಿಯಿಂದ ನೆರೂಲ್‌ವರೆಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ಅಗತ್ಯವಿದೆ. ಸ್ಟೇಷನ್ ರಸ್ತೆಯ ಕಿರಾಣಿ ಅಂಗಡಿಗಳಲ್ಲಿ ಹೇರ್ ಡೈ ಪೊಟ್ಟಣಗಳ ಮಾಲೆ ತೂಗುತ್ತಿರುತ್ತದೆ. ಗಲ್ಲಿಗೊಂದು ಪಾರ್ಲರ್, ಎರಡು ಸಲೂನು ಇವೆ. ಹೋಟೆಲಿನ ಗಲ್ಲಾದಲ್ಲಿ ಕೂರುವವರಿಂದ ಹಿಡಿದು ಬ್ಯಾಂಕಿನ ಕೌಂಟರಿನವರ ತನಕ, ದಿನವಿಡೀ ನಾಲ್ಕು ಜನರ ಎದುರು ನಿಲ್ಲುವ ಕೆಲಸದಲ್ಲಿರುವ ಕನ್ನಡಿಗರು ಇಲ್ಲಿ ಬಹಳ. ಅವರು ನರೆ ಮುಚ್ಚಿಕೊಳ್ಳಬಯಸುವುದು ಸಹಜ, ಅದರಲ್ಲಿ ತಪ್ಪಿಲ್ಲ. ನನ್ನ ವಾದ ಇಷ್ಟೇ: ಬಣ್ಣ ಹಚ್ಚಲೇಬೇಕೆಂದಿದ್ದರೆ ಕೂದಲಿಗೆ ಅತಿ ಕಡಿಮೆ ಹಾನಿಯ ದಾರಿ ಸೆಮಿ ಪರ್ಮನೆಂಟ್ ಬಣ್ಣ. ಆದರೆ ಅದು ಮಾಸುವ ಬಣ್ಣವೆಂದು ಒಪ್ಪಿಕೊಂಡವರಿಗೆ ಮಾತ್ರ ಅದರಿಂದ ಲಾಭ. ಮತ್ತು ಪೊಟ್ಟಣದೊಳಗೆ ಏನಿದೆ ಎಂದು ತಿಳಿಯುವ ಹಕ್ಕು ಕೊಳ್ಳುವವರಿಗೆ ಸಿಕ್ಕಿದಾಗ ಮಾತ್ರ ಆ ಆಯ್ಕೆಗೆ ಅರ್ಥ.

ಕೂದಲೆಳೆಯ ಹೊರಮೈ ಮೇಲೆ ಮಂಗಳೂರು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತ ತೆಳುವಾದ ಹಲ್ಲೆಗಳಿವೆ. ಈ ಪದರಕ್ಕೆ ಕ್ಯುಟಿಕಲ್ ಎಂದು ಹೆಸರು. ಅದರೊಳಗೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದ ಕಾರ್ಟೆಕ್ಸ್ ಇದೆ. ಕೂದಲಿಗೆ ಬಲವೂ ಕಪ್ಪೂ ಬರುವುದು ಅಲ್ಲಿಂದ. ಪರ್ಮನೆಂಟ್ ಡೈ ಒಳಗಿಳಿಯಬೇಕಾದರೆ ಹೊರಗಿನ ಹಲ್ಲೆಗಳು ಬಾಯಿ ತೆರೆಯಬೇಕು. ಅಮೋನಿಯ ಆ ಕೆಲಸ ಮಾಡುತ್ತದೆ. ಡೆವಲಪರ್ ಎಂಬ ಹೆಸರಿನಲ್ಲಿ ಬರುವ ಹೈಡ್ರೋಜನ್ ಪೆರಾಕ್ಸೈಡ್ ಕೂದಲಿನ ಸಹಜ ಬಣ್ಣವನ್ನು ತಿಳಿಯಾಗಿಸುತ್ತದೆ. ಪ್ಯಾರಾಫೆನಿಲೀನ್ ಡೈಅಮೀನ್, ಅಂದರೆ ಪಿಪಿಡಿಯಂಥ ಸಣ್ಣ ಅಣುಗಳು ಒಳಹೊಕ್ಕು ಪೆರಾಕ್ಸೈಡಿನ ನೆರವಿನಿಂದ ಒಂದಕ್ಕೊಂದು ಕೂಡಿ, ಮತ್ತೆ ಹೊರಬರಲಾರದಷ್ಟು ದೊಡ್ಡದಾಗುತ್ತವೆ. ಬಣ್ಣ ಉಳಿಯುವುದು ಹೀಗೆ. ಅದೇ ಹೊತ್ತಿಗೆ ಕೆರಾಟಿನನ್ನು ಹಿಡಿದಿಟ್ಟಿರುವ ಗಂಧಕದ ಬಂಧಗಳಲ್ಲಿ ಒಂದಷ್ಟು ಕಡಿದುಹೋಗುತ್ತವೆ. ಅಮೋನಿಯ ಇಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡ ಡೈಗಳಲ್ಲೂ ಅದರ ಜಾಗದಲ್ಲಿ ಸಾಮಾನ್ಯವಾಗಿ ಎಥನಾಲಮೀನ್ ಇರುತ್ತದೆ, ಪೆರಾಕ್ಸೈಡಂತೂ ಇದ್ದೇ ಇರುತ್ತದೆ. ಸೆಮಿ ಪರ್ಮನೆಂಟ್ ಬಣ್ಣದ ದಾರಿಯೇ ಬೇರೆ. ಅದರ ಬಣ್ಣ ಮೊದಲೇ ಸಿದ್ಧವಾಗಿರುತ್ತದೆ, ಪೆರಾಕ್ಸೈಡ್ ಬೇಕಿಲ್ಲ. ಅದು ಹೊರಪದರಕ್ಕೂ ಅದರ ತುಸು ಕೆಳಗೂ ಅಂಟಿಕೊಂಡು, 4ರಿಂದ 12 ಸಲ ತಲೆ ತೊಳೆಯುವಷ್ಟರಲ್ಲಿ ಮಾಸಿಹೋಗುತ್ತದೆ. ಇವೆರಡರ ನಡುವೆ ಕಡಿಮೆ ಪೆರಾಕ್ಸೈಡಿನ ಡೆಮಿ ಪರ್ಮನೆಂಟ್ ಇದೆ. ಗುರುತಿಸಲು ಸುಲಭದ ಉಪಾಯವೊಂದಿದೆ: ಎರಡು ಟ್ಯೂಬುಗಳನ್ನು ಬೆರೆಸಿ ಹಚ್ಚಬೇಕು ಎಂದಿದ್ದರೆ ಅದು ನಿಜವಾದ ಸೆಮಿ ಪರ್ಮನೆಂಟ್ ಅಲ್ಲ.

ಈ ವ್ಯತ್ಯಾಸಕ್ಕೆ ಇಷ್ಟು ಮಹತ್ವ ಯಾಕೆ ಎಂದರೆ, ಕೂದಲಿಗೆ ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುವ ಶಕ್ತಿಯಿಲ್ಲ. ನೆತ್ತಿಯಿಂದ ಹೊರಬಂದ ಕೂದಲು ನಿರ್ಜೀವ. ಅದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 60 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಐದು ವರ್ಷದ ವಯಸ್ಸು. ತಿಂಗಳಿಗೊಮ್ಮೆ ಬುಡದಿಂದ ತುದಿಯವರೆಗೆ ಪರ್ಮನೆಂಟ್ ಡೈ ಹಚ್ಚಿದರೆ ಆ ತುದಿ ಅರವತ್ತು ಸಲ ಪೆರಾಕ್ಸೈಡ್ ಉಂಡಿರುತ್ತದೆ. ಅದು ಸೀಳುವುದೂ ತೆಂಗಿನ ನಾರಿನ ಹಾಗೆ ಒರಟಾಗುವುದೂ ಆಶ್ಚರ್ಯವಲ್ಲ. ಆರೋಗ್ಯದ ದೃಷ್ಟಿಯಿಂದಲೂ ಸಾಕ್ಷ್ಯ ಇದೇ ಕಡೆಗೆ ವಾಲುತ್ತದೆ, ಆದರೆ ಅದನ್ನು ಉತ್ಪ್ರೇಕ್ಷಿಸಬಾರದು. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಆದವರ ಸಹೋದರಿಯರನ್ನು ವರ್ಷಗಟ್ಟಲೆ ಗಮನಿಸಿದ ಸಿಸ್ಟರ್ ಸ್ಟಡಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪರ್ಮನೆಂಟ್ ಡೈ ಬಳಸಿದವರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಶೇ 9ರಷ್ಟು ಹೆಚ್ಚು ಕಂಡಿತು; ಸೆಮಿ ಪರ್ಮನೆಂಟ್ ಬಳಸಿದವರಲ್ಲಿ ಹೆಚ್ಚಳ ಇಲ್ಲವೆನ್ನುವಷ್ಟು ಕಡಿಮೆ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, 1,17,200 ದಾದಿಯರ ಅಧ್ಯಯನದಲ್ಲಿ ಪರ್ಮನೆಂಟ್ ಡೈಯಿಂದಲೂ ಹೆಚ್ಚಿನ ಬಗೆಯ ಕ್ಯಾನ್ಸರುಗಳು ಏರಿದ್ದು ಕಾಣಲಿಲ್ಲ, ಕೆಲವೇ ಬಗೆಗಳಲ್ಲಿ ತುಸು ಏರಿಕೆ ಇತ್ತು. ಹಾಗಾಗಿ ಡೈ ಹಾಕಿದವರೆಲ್ಲ ಭಯಪಡಬೇಕಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ಕ್ಷೌರಿಕರು ಮತ್ತು ಪಾರ್ಲರ್ ಕೆಲಸಗಾರರು ವೃತ್ತಿಯಲ್ಲಿ ಎದುರಿಸುವ ರಾಸಾಯನಿಕ ಸಂಪರ್ಕವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿ ಇಟ್ಟಿದೆ. ತಿಂಗಳಿಗೊಮ್ಮೆ ಹಚ್ಚಿಸಿಕೊಳ್ಳುವವರಿಗಿಂತ ದಿನಕ್ಕೆ ಹತ್ತು ತಲೆಗೆ ಹಚ್ಚುವ ಹುಡುಗಿಗೆ ಆ ಸಂಪರ್ಕ ಹೆಚ್ಚು; ಅವಳ ಕೈಗೆ ಗ್ಲೌಸ್ ಇದೆಯೇ ಎಂದು ಕೇಳುವುದು ಗಿರಾಕಿಯ ಕರ್ತವ್ಯವೂ ಹೌದು.

ಕೂದಲಿನ ಹಾನಿಗಿಂತ ಬೇಗ ಮುಖಕ್ಕೆ ಬರುವ ಅಪಾಯ ಅಲರ್ಜಿ. ಪಿಪಿಡಿಯನ್ನು ಅಮೆರಿಕದ ಚರ್ಮತಜ್ಞರ ಸಂಘವೊಂದು 2006ರಲ್ಲಿ ವರ್ಷದ ಅಲರ್ಜಿಕಾರಕವೆಂದು ಗುರುತಿಸಿತ್ತು. ಡೈ ತಗಲಿದ ಒಂದೆರಡು ದಿನಗಳ ನಂತರ ನೆತ್ತಿ ಉರಿಯುತ್ತದೆ, ಕಿವಿಯ ಹಿಂದೆ ನೀರುಗುಳ್ಳೆ ಏಳುತ್ತವೆ, ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗುತ್ತದೆ. ಇಷ್ಟು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ ಎನ್ನುವವರು ಒಂದು ಮಾತು ನೆನಪಿಡಬೇಕು: ಅಲರ್ಜಿ ಹುಟ್ಟುವುದೇ ಪದೇ ಪದೇ ಸಂಪರ್ಕವಾದ ಮೇಲೆ. ಹತ್ತು ವರ್ಷ ಸುಮ್ಮನಿದ್ದ ಚರ್ಮ ಹನ್ನೊಂದನೆಯ ವರ್ಷ ತಿರುಗಿಬೀಳಬಹುದು. ಒಮ್ಮೆ ತಿರುಗಿಬಿದ್ದರೆ ಸಾಮಾನ್ಯವಾಗಿ ಅದು ಜೀವನಪೂರ್ತಿ. ಇಲ್ಲಿ ಸೆಮಿ ಪರ್ಮನೆಂಟ್ ಬಣ್ಣವನ್ನೂ ಪೂರ್ತಿ ನಿರಪರಾಧಿ ಎನ್ನಲಾಗದು. ಆ ಹೆಸರಿನಲ್ಲಿ ಮಾರಾಟವಾಗುವ ಕೆಲವು ಬಣ್ಣಗಳಲ್ಲಿ ಪಿಪಿಡಿಯ ನೆಂಟ ರಾಸಾಯನಿಕಗಳು ಇರುತ್ತವೆ, ಪಿಪಿಡಿಗೆ ಅಲರ್ಜಿ ಇರುವವರಿಗೆ ಅವೂ ಆಗಿಬರದಿರಬಹುದು. ಅದಕ್ಕಾಗಿಯೇ ಹಚ್ಚುವ ಮುನ್ನ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ತುಸು ಬಣ್ಣ ಸವರಿ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಕಾದು ನೋಡಬೇಕು. ಹೊಸ ಪೊಟ್ಟಣ ಒಡೆದಾಗಲೆಲ್ಲ ಈ ಪರೀಕ್ಷೆ ಆಗಬೇಕು. ಹುಬ್ಬಿಗೂ ರೆಪ್ಪೆಗೂ ಎಂದೂ ಹಚ್ಚಬಾರದು. ದೃಷ್ಟಿಯೇ ಹೋಗಬಹುದೆಂಬ ಎಚ್ಚರಿಕೆ ನಮ್ಮ ಸರ್ಕಾರಿ ನಿಯಮದಲ್ಲೇ ಇದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಮದರಂಗಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅಪ್ಪಟ ಮದರಂಗಿ ಪುಡಿಯ ಬಗ್ಗೆ ನನಗೂ ಗೌರವವಿದೆ. ಅದರಲ್ಲಿರುವ ಲಾಸೋನ್ ಎಂಬ ಬಣ್ಣ ಕೆರಾಟಿನಿಗೆ ನೇರವಾಗಿ ಅಂಟುತ್ತದೆ, ಹಲ್ಲೆಗಳನ್ನು ಎಬ್ಬಿಸುವುದಿಲ್ಲ. ಆದರೆ ಲಾಸೋನ್ ಕೊಡುವುದು ಕೆಂಪು-ಕಿತ್ತಳೆಯನ್ನು ಮಾತ್ರ. ಅರ್ಧ ಗಂಟೆಯಲ್ಲಿ ಕಡುಗಪ್ಪು ಬರಿಸುವ ಕಾಲೀ ಮೆಹಂದಿ ಅಂಗಡಿಯಲ್ಲಿ ಸಿಕ್ಕಿದರೆ, ಆ ಕಪ್ಪು ಗಿಡದಿಂದ ಬಂದದ್ದಲ್ಲ. ಬಹುತೇಕ ಅದು ಪಿಪಿಡಿಯ ಕೆಲಸ. ನೀಲಿ ಗಿಡದ ಎಲೆಪುಡಿಯಿಂದಲೂ ಕಪ್ಪು ಬರಿಸಬಹುದು, ಆದರೆ ಅದಕ್ಕೆ ಮದರಂಗಿಯ ಮೇಲೆ ಇನ್ನೊಂದು ಲೇಪ ಬೇಕು, ಗಂಟೆಗಟ್ಟಲೆ ತಾಳ್ಮೆ ಬೇಕು. ಪೊಟ್ಟಣದ ಮೇಲೆ ಹಸಿರೆಲೆಯ ಚಿತ್ರವಿದೆ ಎಂಬ ಒಂದೇ ಕಾರಣಕ್ಕೆ ಪರೀಕ್ಷೆ ಬಿಟ್ಟು ಹಚ್ಚಿಕೊಳ್ಳುವುದು, ಡೈ ಎಂದು ಗೊತ್ತಿದ್ದೇ ಎಚ್ಚರದಿಂದ ಹಚ್ಚಿಕೊಳ್ಳುವುದಕ್ಕಿಂತ ಹೆಚ್ಚು ಅಪಾಯದ್ದು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸೆಮಿ ಪರ್ಮನೆಂಟ್ ಬಣ್ಣ ನರೆಯನ್ನು ಪೂರ್ತಿ ಮುಚ್ಚುವುದಿಲ್ಲ, ಮೂರು ನಾಲ್ಕು ವಾರಕ್ಕೆ ಮಾಸುತ್ತದೆ, ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಮನೆ ಸೇರುವವರಿಗೆ ಮತ್ತೆ ಮತ್ತೆ ಹಚ್ಚಲು ಪುರುಸೊತ್ತೆಲ್ಲಿ? ನಿಜ. ತಲೆ ತುಂಬ ನರೆತವರಿಗೆ ಇದು ಕಡುಗಪ್ಪು ಕೊಡಲಾರದು. ಆದರೆ ಅಲ್ಲಲ್ಲಿ ನರೆ ಇಣುಕುವವರಿಗೆ ಇದು ಸಾಕು. ಮತ್ತು ಮಾಸುವ ಗುಣವೇ ಇದರ ದೊಡ್ಡ ಅನುಕೂಲ. ಪರ್ಮನೆಂಟ್ ಡೈಯಲ್ಲಿ ಮೂರನೆಯ ವಾರಕ್ಕೆ ಬುಡದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ, ಅದನ್ನು ಮುಚ್ಚಲು ಮತ್ತೆ ಡೈ. ಸೆಮಿ ಪರ್ಮನೆಂಟ್ ಎಲ್ಲ ಕಡೆ ಸಮನಾಗಿ ತಿಳಿಯಾಗುವುದರಿಂದ ಆ ಗೆರೆ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಬೇಡವೆನಿಸಿದಾಗ ಬಿಟ್ಟುಬಿಡಲೂಬಹುದು. ಕಡುಗಪ್ಪೇ ಬೇಕೆನ್ನುವವರು ಪರ್ಮನೆಂಟ್ ಡೈಯನ್ನು ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿ, ಉಳಿದ ಉದ್ದಕ್ಕೆ ಸೆಮಿ ಪರ್ಮನೆಂಟ್ ಬಳಸಿದರೆ ತುದಿಯ ಕೂದಲು ಬದುಕುತ್ತದೆ. ಕಾಲೇಜಿನ ಹುಡುಗ ಹುಡುಗಿಯರ ಸಮಸ್ಯೆ ಬೇರೆ. ನೀಲಿ, ನೇರಳೆ, ಗುಲಾಬಿ ಸೆಮಿ ಪರ್ಮನೆಂಟ್ ಬಣ್ಣಗಳು ನಮ್ಮ ಕಪ್ಪು ಕೂದಲಿನ ಮೇಲೆ ಕಾಣುವುದೇ ಇಲ್ಲ. ಹಾಗಾಗಿ ಪಾರ್ಲರಿನಲ್ಲಿ ಮೊದಲು ಬ್ಲೀಚ್ ಮಾಡುತ್ತಾರೆ. ಬಣ್ಣದಿಂದ ಕೂದಲಿಗೆ ಹಾನಿ ಕಡಿಮೆ, ಆದರೆ ಅದಕ್ಕೆ ನೆಲ ಹದ ಮಾಡುವ ಬ್ಲೀಚ್ ಎಲ್ಲಕ್ಕಿಂತ ಉಗ್ರ. ಪೂರ್ತಿ ತಲೆಗೆ ಬ್ಲೀಚ್ ಮಾಡಿಸಿಕೊಂಡು, ಮೇಲಿನದು ಸೆಮಿ ಪರ್ಮನೆಂಟ್ ಎಂದು ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಅಂಥ ಬಣ್ಣದ ಆಸೆಗೆ ಒಂದೆರಡು ಎಳೆಗಳ ಮಿತಿ ಇರಲಿ, ಇಲ್ಲವೇ ಬ್ಲೀಚ್ ಇಲ್ಲದೆ ಬಿಸಿಲಲ್ಲಿ ಮಿನುಗುವ ಕಡುಗೆಂಪಿನ ಛಾಯೆಯಲ್ಲಿ ತೃಪ್ತಿಯಿರಲಿ.

ಮಾಸುವ ಬಣ್ಣವನ್ನು ಒಂದಷ್ಟು ದಿನ ಹೆಚ್ಚು ಉಳಿಸಿಕೊಳ್ಳುವ ದಾರಿಗಳು ನಮ್ಮ ಕೈಯಲ್ಲೇ ಇವೆ. ನವಿ ಮುಂಬಯಿಗೆ ಮೊರ್ಬೆ ಅಣೆಕಟ್ಟಿನ ನೀರು, ಕಲ್ಯಾಣ್-ಡೊಂಬಿವಲಿಗೆ ಉಲ್ಲಾಸ್ ನದಿಯ ನೀರು ಬರುತ್ತದಾದರೂ, ಬೇಸಿಗೆಯಲ್ಲಿ ಘೋಡ್‌ಬಂದರ್ ರಸ್ತೆಯ ಎಷ್ಟೋ ಕಟ್ಟಡಗಳೂ ಡೊಂಬಿವಲಿಯ ಹೊರವಲಯದ ಹಳ್ಳಿಗಳೂ ಟ್ಯಾಂಕರನ್ನೇ ನಂಬಿರುತ್ತವೆ. ಗಡಸಾದ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕೂದಲಿನ ಮೇಲೆ ಕೂತು ಹೊಳಪು ಕಳೆಯುತ್ತದೆ, ಕ್ಲೋರಿನ್ ಬಣ್ಣವನ್ನು ತಿನ್ನುತ್ತದೆ. ಅಂಥ ದಿನಗಳಲ್ಲಿ ಶ್ಯಾಂಪೂ ಕಡಿಮೆ ಮಾಡಿ, ತಣ್ಣೀರು ಬಳಸಿ, ಕೊನೆಯ ಚೊಂಬನ್ನಾದರೂ ಕುಡಿಯುವ ನೀರಿನಿಂದ ಸುರಿದುಕೊಳ್ಳುವುದು ಒಳ್ಳೆಯದು. ಹಚ್ಚುವ ಮೊದಲು ಎಣ್ಣೆ ಜಿಡ್ಡಿಲ್ಲದಂತೆ ತಲೆ ತೊಳೆದು ಒಣಗಿಸಬೇಕು. ಹಣೆಯಂಚಿಗೆ ವ್ಯಾಸಲೀನ್ ಸವರಬೇಕು. ಹೇಳಿದ ಹೊತ್ತಿಗಿಂತ ಹೆಚ್ಚು ಬಿಡಬಾರದು. ನೀರು ತಿಳಿಯಾಗುವ ತನಕ ತೊಳೆದು ಎರಡು ದಿನ ಶ್ಯಾಂಪೂ ಮುಟ್ಟಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹೊಸ ಬಣ್ಣ ಕಾಲರಿಗಿಳಿಯುವುದು ಖಂಡಿತ. ವಾರಾಂತ್ಯದಲ್ಲಿ ಹಚ್ಚಿ ಒಂದು ತೊಳೆತ ಮುಗಿಸಿ ಕೆಲಸಕ್ಕೆ ಹೋಗುವುದು ಜಾಣತನ. ತೆಂಗಿನೆಣ್ಣೆಯ ಬಗ್ಗೆ ಅಜ್ಜಿಯಂದಿರ ನಂಬಿಕೆಗೆ ಪುರಾವೆಯೂ ಇದೆ. ಮುಂಬಯಿಯ ಮಾರಿಕೊ ಕಂಪನಿಯ ಸಂಶೋಧಕರಾದ ಆರತಿ ರೇಲೆ ಮತ್ತು ಆರ್.ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆಂಗಿನೆಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿತು. ಸೂರ್ಯಕಾಂತಿ ಎಣ್ಣೆಗಾಗಲಿ ಮಿನರಲ್ ಆಯಿಲ್‌ಗಾಗಲಿ ಅದು ಸಾಧ್ಯವಾಗಲಿಲ್ಲ. ತೆಂಗಿನೆಣ್ಣೆ ಮಾರುವ ಕಂಪನಿಯ ಅಧ್ಯಯನವಿದು ಎಂಬ ಎಚ್ಚರವಿಟ್ಟುಕೊಂಡೇ, ತಲೆ ತೊಳೆಯುವ ಮುನ್ನ ತುದಿಗಳಿಗೆ ಎಣ್ಣೆ ಸವರುವ ಅಭ್ಯಾಸವನ್ನು ಉಳಿಸಿಕೊಳ್ಳಬಹುದು.

ಆದರೆ ಮನೆಯ ಎಚ್ಚರವೊಂದೇ ಸಾಲದು. ಹೇರ್ ಡೈ ಪೊಟ್ಟಣದ ಮೇಲೆ ಅಲರ್ಜಿಯ ಎಚ್ಚರಿಕೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು, ಒಳಗೆ ಪರೀಕ್ಷೆಯ ವಿಧಾನ ತಿಳಿಸುವ ಚೀಟಿ ಇರಬೇಕು ಎಂದು ನಮ್ಮ ಪ್ರಸಾಧನ ಸಾಮಗ್ರಿಗಳ ನಿಯಮ ಹೇಳುತ್ತದೆ. ಒಳಗಿನ ವಸ್ತುಗಳ ಪಟ್ಟಿಯನ್ನೂ ಅದು ಕಡ್ಡಾಯ ಮಾಡಿದೆ. ಆದರೆ 60 ಮಿಲಿಲೀಟರ್‌ಗಿಂತ ಕಡಿಮೆಯ ದ್ರವಕ್ಕೂ 30 ಗ್ರಾಮ್‌ಗಿಂತ ಕಡಿಮೆಯ ಪುಡಿಗೂ ಆ ಪಟ್ಟಿಯಿಂದ ವಿನಾಯಿತಿ ಇದೆ. ಕಿರಾಣಿ ಅಂಗಡಿಯಲ್ಲಿ ತೂಗುವ ಡೈ ಪೊಟ್ಟಣಗಳು ಈ ಅಳತೆಗಿಂತ ಚಿಕ್ಕವು. ಎಂದರೆ, ಕಡಿಮೆ ದುಡ್ಡಿರುವವರು ಕೊಳ್ಳುವ ಪೊಟ್ಟಣಕ್ಕೇ ಈ ಪಟ್ಟಿ ಕಡ್ಡಾಯವಲ್ಲ. ಕೆಲವು ಕಂಪನಿಗಳು ತಾವಾಗಿಯೇ ಪಟ್ಟಿ ಮುದ್ರಿಸುತ್ತವೆ, ಅದು ಮೆಚ್ಚತಕ್ಕದ್ದು. ಆದರೆ ಕಂಪನಿಯ ಔದಾರ್ಯ ಕಾನೂನಿಗೆ ಬದಲಿಯಾಗದು. ಚಿಕ್ಕ ಪೊಟ್ಟಣದಲ್ಲಿ ಜಾಗವಿಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ: ಪಿಪಿಡಿ ಇದೆ, ಪೆರಾಕ್ಸೈಡ್ ಇದೆ ಎಂದು ಬರೆಯಲು ಒಂದು ಸಾಲು ಸಾಕು. ಹೇರ್ ಡೈ ಮಟ್ಟಿಗೆ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ ತೆಗೆಯಬೇಕು. ಎಚ್ಚರಿಕೆಯ ಚೀಟಿ ನಿಜಕ್ಕೂ ಒಳಗಿದೆಯೇ ಎಂದು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತದ (ಎಫ್‌ಡಿಎ) ಅಧಿಕಾರಿಗಳು ಅಂಗಡಿಗಳಲ್ಲಿ ತಪಾಸಣೆ ಮಾಡಬೇಕು.

ಇಂಥ ಬೇಡಿಕೆ ಅತಿಯಾಯಿತು ಎನ್ನುವವರು ಡೊಂಬಿವಲಿಯನ್ನು ನೋಡಲಿ. 2020ರ ಫೆಬ್ರುವರಿಯಲ್ಲಿ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಇದು ಯಾವ ಬಣ್ಣ, ಎಲ್ಲಿಂದ ಬಂತು ಎಂದು ಊರಿಗೆ ಊರೇ ಕೇಳಿತು. ರಸ್ತೆಯ ಬಣ್ಣದ ಬಗ್ಗೆ ಕೇಳಬಹುದಾದ ಪ್ರಶ್ನೆಯನ್ನು ತಲೆಗೆ ಹಚ್ಚುವ ಬಣ್ಣದ ಬಗ್ಗೆ ಕೇಳಲು ಸಂಕೋಚವೇಕೆ? ಪಾರ್ಲರಿನಲ್ಲಿ ಬಟ್ಟಲಲ್ಲಿ ಕಲಸಿ ತಂದ ಬಣ್ಣಕ್ಕೆ ತಲೆಯೊಡ್ಡುವ ಮುನ್ನ ಪೊಟ್ಟಣ ತೋರಿಸಿ ಎನ್ನಬೇಕು, ಹಿಂದಿನ ದಿನವೇ ಹೋಗಿ ಕಿವಿಯ ಹಿಂದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎಲ್ಲ ಭಾಷೆಗಳಲ್ಲಿ ಎಚ್ಚರಿಕೆ ಮುದ್ರಿಸಲು ಕಂಪನಿಗಳಿಗೆ ಆಗದು, ಒಪ್ಪೋಣ. ಇಂಗ್ಲಿಷೂ ಮರಾಠಿಯೂ ಓದಲು ಬಾರದ ನಮ್ಮ ಹಿರಿಯರಿಗೆ ಅದನ್ನು ಕನ್ನಡದಲ್ಲಿ ತಲುಪಿಸುವ ಹೊಣೆ ನಮ್ಮದು. ಮಂಜುನಾಥ ವಿದ್ಯಾಲಯವನ್ನು ಕಟ್ಟಿ ನಡೆಸುತ್ತಿರುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ತಮ್ಮ ಸಭೆ ಸಮಾರಂಭಗಳಲ್ಲಿ ಒಂದು ಪುಟದ ಕನ್ನಡ ಕರಪತ್ರ ಹಂಚುವುದು ಕಷ್ಟವಲ್ಲ. ನರೆಯನ್ನು ನರೆಯಾಗಿಯೇ ಬಿಡುವುದು ಎಲ್ಲಕ್ಕಿಂತ ಸುರಕ್ಷಿತ, ಅದನ್ನು ಆಯ್ದುಕೊಂಡವರಿಗೆ ನಮಸ್ಕಾರ. ಆದರೆ ಬಣ್ಣ ಬೇಕೆನ್ನುವವರಿಗೆ ಉಪದೇಶ ಮಾಡಿ ಕಳಿಸುವುದರಿಂದ ಒಂದು ಕೂದಲೂ ಉಳಿಯುವುದಿಲ್ಲ. ಮಾಸುವ ಬಣ್ಣವನ್ನು ಮಾಸುವುದೆಂದು ತಿಳಿದು ಹಚ್ಚಿಕೊಳ್ಳುವ ಅರಿವು, ಒಂದು ದಿನ ಕಾದು ಪರೀಕ್ಷಿಸುವ ತಾಳ್ಮೆ, ಚಿಕ್ಕ ಪೊಟ್ಟಣದ ಮೇಲೂ ಪೂರ್ತಿ ಮಾಹಿತಿ ಕೊಡುವ ಕಾನೂನು: ಈ ಮೂರನ್ನು ಕೊಟ್ಟರೆ ಅವರ ಕೂದಲೂ ಚರ್ಮವೂ ಉಳಿಯುತ್ತವೆ.